ಮೋಡ ಇರಲಿಲ್ಲ, ಅಕ್ಕಾ

ಅಕ್ಕಾ,

ಪಂದ್ಯದಲ್ಲಿ ನೀನು ಸೋತೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ಸುತ್ತಿಬಳಸಿ ಮಾತಾಡಿದರೆ ನಿನಗೆ ಸಿಟ್ಟು ಬರುತ್ತಿತ್ತಲ್ಲ?

ಮರಾಠಿ ನಾಡಿಗೆ ವಲಸೆ ಬಂದ ಮೇಲೆ ಹಿಡಿದ, ಕಾತ್ರಜದ ನಮ್ಮ ಒಂದೇ ಕೋಣೆಯ ಮನೆಯಲ್ಲಿ ನಿನ್ನ ಸಂಶೋಧನೆಯನ್ನು ನನಗೆ ಬಿಡಿಸಿ ಹೇಳಿದ ಮಧ್ಯಾಹ್ನ ನೆನಪಾಗುತ್ತದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ದೂರದ ಗ್ಯಾಲಕ್ಸಿಯೊಂದರ ನಡುವೆ ಕಪ್ಪುಕುಳಿ. ಅದರತ್ತ ಸುತ್ತುತ್ತ ಬೀಳುವ ಅನಿಲ ಕಾದು ಎಕ್ಸ್-ರೇ ಸೂಸುತ್ತದೆ. ಅದು ಕೆಲವೇ ಗಂಟೆಗಳಲ್ಲಿ ಏರಿಳಿಯುತ್ತದೆ ಎಂದೆ ನೀನು. ನಮ್ಮ ಗಾಳಿ ಆ ಕಿರಣಗಳನ್ನು ನೆಲಕ್ಕೆ ಬಿಡದು, ಅದಕ್ಕೇ ಬಾಹ್ಯಾಕಾಶದಲ್ಲಿ ದೂರದರ್ಶಕ. ಅಷ್ಟು ದೂರದ್ದು ಎಷ್ಟು ದೊಡ್ಡದೆಂದು ಹೇಗೆ ತಿಳಿಯುತ್ತದೆ ಎಂದು ನಾನು ಕೇಳಿದೆ.

"ದೊಡ್ಡ ವಾಡೇದಾಗ ಯಜಮಾನಗ ಸಿಟ್ಟು ಬಂದ್ರ, ಹಿಂದಿನ ಖೋಲಿಗೆ ಸುದ್ದಿ ಮುಟ್ಟೂದ್ರಾಗ ಊಟ ಮುಗಿದಿರ್ತದ. ನಮ್ಮ ಮನ್ಯಾಗ? ಅವ್ವ ಹುಬ್ಬು ಗಂಟು ಹಾಕಿದ್ರ ಸಾಕು, ಎಲ್ಲಾರೂ ಗಪ್! ಲಗೂ ಬದಲಾತಂದ್ರ ಸಣ್ಣದು ಅಂತ ಅರ್ಥ."

"ಹೂಂ, ನನ್ನ ಹುಬ್ಬಿನ ಮ್ಯಾಲೇ ಓದ್ಯಾಳ ದೊಡ್ಡಾಕಿ," ಎಂದಳು ಅವ್ವ.

ಆ ಗ್ಯಾಲಕ್ಸಿ ಒಮ್ಮೆಲೇ ಮಂಕಾಗಿ ಹಾಗೇ ಉಳಿದಾಗ ನೀನು ಎಷ್ಟು ಚಡಪಡಿಸಿದೆ! "ಆರಿಲ್ಲ ಅದು. ನಡುವ ಧೂಳು-ಅನಿಲದ ಮೋಡ ಬಂದು ನಿಂತದ." ನಿನ್ನ ಗೈಡ್ ಮೇಡಂ ಒಪ್ಪಲಿಲ್ಲ. ಮತ್ತೊಮ್ಮೆ ನೋಡಲು ದೂರದರ್ಶಕದ ಸಮಯ ಕೋರಿ ನೀನು ಬರೆದೆ. ನಿನ್ನನ್ನು ಕೆಣಕಲೆಂದೇ ನಾನು ಮೋಡ ಇಲ್ಲವೆಂದು ಪಂದ್ಯ ಕಟ್ಟಿದೆ.

"ಮೋಡ ಇದ್ರ, ನೀ ಕ್ಯಾಂಪ್ ಬಜಾರದಾಗ ಮರಾಠಿಯೊಳಗ ಚೌಕಾಶಿ ಮಾಡಬೇಕು. ಜೋರಾಗಿ!"

"ಇರಲಿಲ್ಲಂದ್ರ, ನೀ ಒಂದು ಕಾದಂಬರಿ ಓದಬೇಕು. ಪೂರಾ."

"ಪೂರಾ? ಅದಕ್ಕಿಂತ ಸಾಯೂದು ಛಲೋ," ಎಂದು ನೀನು ನಕ್ಕೆ. ಆಗ ನಿನ್ನೊಳಗಿನ ಕಾಯಿಲೆ ನಮಗೆ ಯಾರಿಗೂ...

ಆಸ್ಪತ್ರೆಯ ಮಂಚದಿಂದಲೂ ಒಂದೇ ಪ್ರಶ್ನೆ: "ಟೈಮ್ ಸಿಕ್ತೇನು?" ಸಿಕ್ಕಿತು ಅಕ್ಕಾ. ನೀನು ಹೋದ ಮೇಲೆ.

ಮೊನ್ನೆ ಮೇಡಂ ತಾವೇ ಮನೆಗೆ ಬಂದರು. ನೀನು ಕೂರುತ್ತಿದ್ದ ಗೋಡೆಯ ಪಕ್ಕವೇ ಚಾಪೆಯ ಮೇಲೆ ಕುಳಿತರು. ಗಾರೆ ಕೆಲಸದ ಅಪ್ಪನ ಮರಾಠಿ ಸಿಮೆಂಟು, ಮರಳು ದಾಟಿ ಹೋಗುವುದಿಲ್ಲವಲ್ಲ. ಮೇಡಂ ಮರಾಠಿಯಲ್ಲಿ ಹೇಳಿದ್ದನ್ನು ನಾನೇ ಕನ್ನಡದಲ್ಲಿ ಹೇಳಬೇಕಾಯಿತು. ಅಡ್ಡ ಬಂದದ್ದು ಮೋಡವಾಗಿದ್ದರೆ ಸೌಮ್ಯ ಎಕ್ಸ್-ರೇಗಳಷ್ಟೇ ಅಲ್ಲಿ ನಿಂತು, ಹೆಚ್ಚು ಶಕ್ತಿಯ ಗಡಸು ಕಿರಣಗಳು ತೂರಿ ಬರಬೇಕಿತ್ತು. ಎರಡೂ ಕುಗ್ಗಿವೆ. ಕಪ್ಪುಕುಳಿಗೆ ಬೀಳುವ ಅನಿಲವೇ ಕಡಿಮೆಯಾಗಿದೆ. ಅಕ್ಕನ ಊಹೆ ತಪ್ಪು. ಆ ಕೊನೆಯ ಮಾತು ನನ್ನ ಬಾಯಿಂದ ಹೊರಡಲು ಎಷ್ಟು ಹೊತ್ತು ಹಿಡಿಯಿತು ಗೊತ್ತೇ?

ಅಪ್ಪ ಕೈ ಒರೆಸಿಕೊಳ್ಳುತ್ತ ಕೇಳಿದ: "ತಪ್ಪಾದ್ರ... ಆಕೀ ಹೆಸರು ತೆಗೀತಾರೇನು?"

ನಾನು ಅನುವಾದಿಸುವ ಮೊದಲೇ ಮೇಡಂಗೆ ಅರ್ಥವಾಗಿತ್ತು. ಇಲ್ಲ, ಅಚ್ಚಾಗುವ ಪ್ರಬಂಧದಲ್ಲಿ ಮೊದಲ ಹೆಸರು ಆಕೆಯದೇ ಎಂದರು. ಹೀಗೆ ತಾನೇ ಕುಗ್ಗುವ ಗ್ಯಾಲಕ್ಸಿ ಮೋಡಕ್ಕಿಂತ ಅಪರೂಪವಂತೆ. ಆಕೆ ಹಟ ಹಿಡಿಯದಿದ್ದರೆ ಯಾರೂ ಅತ್ತ ನೋಡುತ್ತಿರಲಿಲ್ಲವಂತೆ. ಅಪ್ಪ ಎದ್ದು ಚಹಾ ತರಲು ತಾನೇ ಹೋದ.

ಮೇಡಂ ಹೋದ ಮೇಲೆ ಪಂದ್ಯದ ವಿಷಯ ಅವ್ವನಿಗೆ ಹೇಳಿದೆ. "ಸೋತಾಳಂದ್ರ ಸೋತಾಳ. ಆಕೀ ಪಾಲಿಂದು ನೀ ಓದು," ಎಂದಳು.

ಗೆಳತಿಯರೆದುರೂ ಬಾಯಿಬಿಟ್ಟು ಓದಿದವಳಲ್ಲ ನಾನು. ಕಾದಂಬರಿಯೊಂದನ್ನು ತೆರೆದು ತುಟಿಯೊಳಗೇ ಗುನುಗತೊಡಗಿದೆ.

"ಜೋರಾಗಿ ಓದವ್ವಾ," ಎಂದ ಅಪ್ಪ, "ಆಕಿಗಿ ಕೇಳಬೇಕಲ್ಲ."

ಪೂರಾ ಓದುತ್ತೇನೆ ಅಕ್ಕಾ. ನಿನ್ನೆಗೆ ಮೊದಲ ಅಧ್ಯಾಯ ಮುಗಿಯಿತು. ನಮ್ಮ ಕಡೆಯವಳೇ ಆದ ಪಕ್ಕದ ಮನೆಯ ಮಾವಶಿ ಬಾಗಿಲಿಗೆ ಬಂದು, ಮುಂದೆ ಏನಾಯಿತು ಎಂದು ಕೇಳಿದಳು.

ನಿನ್ನ ತಂಗಿ