ಸಂಗೀತ ಮಾತ್ರ ಕೇಳಿಸುತ್ತಿದೆ

ಜನವರಿ 30, ಶುಕ್ರವಾರ. ರಾತ್ರಿ 8.20

ಚೀಟಿ ಅಂಟಿಸುವ ಕೆಲಸ ಮುಗಿಯಿತು. ಸೋಮವಾರ ತಪಾಸಣೆ. ಗ್ರಂಥಾಲಯದ ಪ್ರತಿಯೊಂದು ವಸ್ತುವಿನ ಮೇಲೂ ಸ್ಟಾಕ್ ನಂಬರ್ ಇರಬೇಕಂತೆ. ಪುಸ್ತಕಗಳಿಗೆ ಮೊದಲೇ ಇತ್ತು. ಇವತ್ತು ಕುರ್ಚಿ, ಫ್ಯಾನು, ಗೋಡೆ ಗಡಿಯಾರ, ಕಂಪ್ಯೂಟರ್, ಕೀಬೋರ್ಡ್, ಮೌಸ್. 'ಮೌನವಾಗಿರಿ' ಫಲಕಕ್ಕೂ ಒಂದು. ಗುರುಮಲ್ಲಯ್ಯನವರು ಪೇಪರಿನಿಂದ ತಲೆಯೆತ್ತಿ, "ನಂಗೂ ಒಂದ್ ಅಂಟುಸ್ಬುಡಿ ಮೇಡಂ, ದಿನಾ ಇಲ್ಲೇ ಬಿದ್ದಿರ್ತೀನಲ್ಲ" ಅಂದರು. ನಗು ಬಂತು. ನಗಲಿಲ್ಲ.

ಹೆಡ್‌ಫೋನಿಗೆ ಮಾತ್ರ ಜಾಗ ಸಿಗಲಿಲ್ಲ. ಕಿವಿಯ ಕಡೆ ಮೆತ್ತೆ, ತಲೆಯ ಮೇಲೆ ಬಟ್ಟೆ— ಅಂಟು ಹಿಡಿಯದು. ಕೊನೆಗೆ ಸಣ್ಣ ಚೀಟಿ ಕತ್ತರಿಸಿ ತಂತಿಯ ತುದಿಗೆ ಸುತ್ತಿದೆ. ಮೇಲೆ ಸೆಲ್ಲೋಟೇಪ್, ಎರಡು ಸುತ್ತು. 1203. ಅಚ್ಚುಕಟ್ಟಾಗಿ ಕೂತಿತು.

ಹಂಗಳದಿಂದ ಆರರ ಬಸ್ಸು. ಗುಂಡ್ಲುಪೇಟೆ ತಲುಪುವಷ್ಟರಲ್ಲಿ ಕಾದಂಬರಿಯ ಹನ್ನೊಂದು ಪುಟ. ಅನುವಾದಕರು ತಿನಿಸುಗಳ ಹೆಸರನ್ನೆಲ್ಲ ಮೂಲದಲ್ಲಿದ್ದ ಹಾಗೆಯೇ ಬಿಟ್ಟಿದ್ದಾರೆ. ಒಳ್ಳೆಯದು ಮಾಡಿದರು.

ಫೆಬ್ರವರಿ 2, ಸೋಮವಾರ

ತಪಾಸಣೆ ಆಯಿತು. ಒಂದೂ ತಪ್ಪಿಲ್ಲ. "ಹೆಡ್‌ಫೋನಿಗೂ ನಂಬರ್ ಹಾಕಿದ್ದೀರಲ್ಲಮ್ಮ!" ಅಂದರು ಬಂದಿದ್ದ ಅಧಿಕಾರಿ. ನಿಜ ಹೇಳಬೇಕೆಂದರೆ ಹೆಮ್ಮೆಯಾಯಿತು.

ಫೆಬ್ರವರಿ 3, ಮಂಗಳವಾರ. ಸಂಜೆ

ಐದು ದಿನದ ಮೇಲೆ ಭವ್ಯ ಬಂದಳು. ಅರಿಸಿನ ಕೀಳುವ ಕಾಲ, ಮನೆಯವರೆಲ್ಲ ಹೊಲದಲ್ಲಿ. ಅವಳೂ ಗೆಡ್ಡೆ ಬಿಡಿಸುತ್ತಾಳೆ. ಹದಿಮೂರನೆಯ ವರ್ಷದಲ್ಲಿ ಜ್ವರ ಬಂದು ದೃಷ್ಟಿ ಹೋಯಿತು. ಈಗ ಇಪ್ಪತ್ತೊಂದು. ಬೆರಳೆಲ್ಲ ಹಳದಿ.

ಮೈಸೂರಿನ ಒಂದು ಸಣ್ಣ ಕಂಪನಿ, ಕಣ್ಣು ಕಾಣದವರೂ ಆಡಬಹುದಾದ ಕಂಪ್ಯೂಟರ್ ಗೇಮನ್ನು ಕನ್ನಡದಲ್ಲಿ ಮಾಡುತ್ತಿದೆ. ಆಡಿ ತಪ್ಪು ಹುಡುಕಲು ಅವರಿಗೆ ಇಬ್ಬರು ಬೇಕು. ಮನೆಯಿಂದಲೇ ಕೆಲಸ, ತಿಂಗಳ ಸಂಬಳ. ಆಯ್ಕೆ 12ನೇ ತಾರೀಖು, ಚಾಮರಾಜನಗರದಲ್ಲಿ. ಅಭ್ಯಾಸಕ್ಕೆಂದು ಗೇಮ್ ಕಳಿಸಿದ್ದಾರೆ. ಭವ್ಯಳಿಗೆ ಸಿಗುವ ಕಂಪ್ಯೂಟರ್ ನನ್ನ ಗ್ರಂಥಾಲಯದ್ದೊಂದೇ.

ಪರದೆ ಪೂರ್ತಿ ಕಪ್ಪು. ಎಲ್ಲ ಕಿವಿಯಲ್ಲೇ. ಒಂದು ಹೆಣ್ಣುದನಿ ದಾರಿ ಹೇಳುತ್ತದೆ— "ಮುಂದೆ ಹೊಳೆ, ಮೂರು ಹೆಜ್ಜೆ." ಕಾಲ ಕೆಳಗೆ ಒಣಗಿದೆಲೆ, ಕಲ್ಲು, ಕೆಸರು; ಒಂದೊಂದಕ್ಕೂ ಬೇರೆ ಸದ್ದು. ಹಿಂದೆ ಸಂಗೀತ. ಗೇಮ್ ತೆರೆದು ಕೊಡುವುದು ನಾನು. ಆಮೇಲೆ ಅವಳ ಪಾಡು.

ಇವತ್ತು ಹೆಡ್‌ಫೋನ್ ಹಾಕಿಕೊಂಡು ಸುಮ್ಮನೆ ಕೂತಳು. ಎರಡು ನಿಮಿಷ. ಮೂರು.

"ಅಕ್ಕ, ಆ ಅಮ್ಮ ಮಾತಾಡ್ತಾನೇ ಇಲ್ಲ."

ನಾನು ಹಾಕಿಕೊಂಡು ನೋಡಿದೆ. ಸಂಗೀತವಿದೆ. ದನಿಯಿಲ್ಲ. ಹೆಜ್ಜೆಯ ಸದ್ದಿಲ್ಲ. ದೂರದಲ್ಲೆಲ್ಲೋ ನೀರಿನಂಥದ್ದು ತೆಳ್ಳಗೆ... ಯಾವ ಕಡೆಯೆಂದು ತಿಳಿಯದು.

ಮೂರು ಸಲ ಮುಚ್ಚಿ ತೆರೆದೆ. ಹಾಗೆಯೇ.

ಫೆಬ್ರವರಿ 4, ಬುಧವಾರ

ನೋಡಿದ್ದು: ಗೇಮಿನೊಳಗೆ ಮೂರು ವಾಲ್ಯೂಮ್— ದನಿ, ಸದ್ದು, ಸಂಗೀತ. ಮೂರೂ ನೂರಕ್ಕೆ ನೂರು. ವಿಂಡೋಸ್ ವಾಲ್ಯೂಮ್, ಸರಿ. ಸ್ಪೀಕರ್ 'ಸ್ಟೀರಿಯೋ', ಸರಿ. ಡ್ರೈವರ್ ತೆಗೆದು ಮತ್ತೆ ಹಾಕಿದೆ. ಫೋಲ್ಡರಿನಲ್ಲಿ ದನಿಯ ಫೈಲುಗಳು ಇವೆಯೇ ಎಂದು ಎಣಿಸಿದೆ. 412. ಒಂದನ್ನು ಬಿಡಿಯಾಗಿ ತೆರೆದೆ. ಪರದೆಯಲ್ಲಿ ಸೆಕೆಂಡುಗಳು ಓಡುತ್ತವೆ, ಏನೂ ಕೇಳದು. ಫೈಲ್ ಖಾಲಿಯೇ? ಖಾಲಿಯಾದರೆ ಗಾತ್ರ ಯಾಕಿದೆ?

ಹೆಡ್‌ಫೋನ್ ಸರಿಯಿದೆ. ಸಂಗೀತ ಬರುತ್ತಿದೆಯಲ್ಲ.

ಭವ್ಯ ಪಕ್ಕದಲ್ಲೇ ಕಾಯುತ್ತಿದ್ದಳು. "ನೀವು ಬಸ್ಸಲ್ಲಿ ಅದೇನೋ ಓದ್ತೀರಂತಲ್ಲ ಅಕ್ಕ, ಕಂಡಕ್ಟರಣ್ಣ ಯೋಳ್ತಿದ್ರು. ಇದು ಸರಿ ಆಗೋಗಂಟ ಒಂಚೂರು ಓದಿ, ನಾನೂ ಕೇಳ್ತೀನಿ."

ಫಲಕ ತೋರಿಸಲು ಕೈಯೆತ್ತಿದೆ. ಅವಳಿಗೆ ಕಾಣದು. "ಇಲ್ಲಿ ಗಟ್ಟಿಯಾಗಿ ಓದುವ ಹಾಗಿಲ್ಲ" ಅಂದೆ. ಆಗ ಇದ್ದದ್ದು ನಾವಿಬ್ಬರೇ. ಯಾರಿಗೂ ಓದಿ ಹೇಳಿದವಳಲ್ಲ ನಾನು. ನನ್ನ ದನಿ ನನಗೇ ಬೇರೆಯವರದ್ದೆನಿಸುತ್ತದೆ.

ಫೆಬ್ರವರಿ 5, ಗುರುವಾರ

ಪೂರ್ತಿ ಅಳಿಸಿ ಹೊಸದಾಗಿ ಹಾಕಿದೆ. ನೆಟ್ ನಿಧಾನ— ಬೆಳಿಗ್ಗೆ ಹತ್ತರಿಂದ ಮೂರೂಮುಕ್ಕಾಲು. ಭವ್ಯ ಊಟಕ್ಕೂ ಹೋಗದೆ ಕೂತಿದ್ದಳು.

ಸಂಗೀತ ಬಂತು. ಸಂಗೀತ ಮಾತ್ರ.

ಕಂಪನಿಗೆ ಬರೆದೆ. ಏನೇನು ಮಾಡಿದೆ, ಯಾವ ಹೊತ್ತಿಗೆ, ಎಲ್ಲ ಕ್ರಮವಾಗಿ.

ಫೆಬ್ರವರಿ 6, ಶುಕ್ರವಾರ. ಮಧ್ಯಾಹ್ನ

ಉತ್ತರ ಬಂತು. ರಘುನಾಥ ಎಂಬುವವರು. 'ನಮ್ಮಲ್ಲಿ ಸರಿಯಾಗಿದೆ. ಆಡುವವರು ಯಾವುದಾದರೂ ಕೀ ಒತ್ತಿ ಸೆಟ್ಟಿಂಗ್ಸ್ ಬದಲಾಗಿರಬಹುದು. ವಿಚಾರಿಸಿ.'

ವಿಚಾರಿಸಿದೆ. ಮೆತ್ತಗೇ ಕೇಳಿದೆ ಅಂದುಕೊಂಡಿದ್ದೇನೆ.

"ಬೆರಳು ತಗುಲಿರ್ಬೋದೇನೋ ಅಕ್ಕ," ಅಂದಳು. "ಅರಿಸಿನದ ಕೈ, ಜಾರ್ತದೆ. ಯಾವ್ದ್ ಒತ್ಬುಟ್ಟೆನೋ."

ದೂರಿನ ರಿಜಿಸ್ಟರಿನಲ್ಲಿ ಬರೆದೆ: 'ಗೇಮಿನಲ್ಲಿ ದನಿ ಬರುತ್ತಿಲ್ಲ. ಕಾರಣ: ಬಳಕೆದಾರರಿಂದ ಸೆಟ್ಟಿಂಗ್ಸ್ ಬದಲಾವಣೆ.' ಬರೆದ ಮೇಲೆ ನಿರಾಳವಾಯಿತು. ಕಾರಣದ ಕಾಲಂ ಖಾಲಿ ಇದ್ದರೆ ನನಗೆ ಆಗುವುದಿಲ್ಲ.

ಫೆಬ್ರವರಿ 7, ಶನಿವಾರ

ಗುಂಡ್ಲುಪೇಟೆಯಿಂದ ಕಂಪ್ಯೂಟರ್ ರಿಪೇರಿಯ ಸುನೀಲ್ ಕುಮಾರ್ ಬಂದ. ಬೈಕ್ ನಿಲ್ಲಿಸುವ ಮೊದಲೇ, "ವೈರಸ್ ಇರ್ತದೆ ಮೇಡಂ" ಅಂದ. ಇರಲಿಲ್ಲ. ಟೆಸ್ಟ್ ಬಟನ್ ಒತ್ತಿದ. "ಎಡಕ್ಕೆ ಟಿಣ್ ಅಂತು. ಬಲಕ್ಕೂ ಟಿಣ್ ಅಂತು. ಸೌಂಡ್ ಕಾರ್ಡ್ ಚಿನ್ನ." ಸಿನಿಮಾ ಹಾಡೊಂದು ಹಾಕಿ, ಹಾಡುಗಾರ ಬಾಯಿ ತೆರೆಯುವ ಮೊದಲೇ ಹೆಡ್‌ಫೋನ್ ತೆಗೆದ. "ಮ್ಯೂಸಿಕ್ ಸಕತ್ತಾಗ್ ಬತ್ತಾ ಅದೆ. ನಿಮ್ ಗೇಮೇ ಡಬ್ಬಾ."

ಟಿಣ್ ನಾನೂ ಕೇಳಿದೆ. ಎಡದ ಟಿಣ್ ಎರಡೂ ಕಿವಿಯಲ್ಲಿ ಬಂತು. ಹೇಳಿದೆ.

"ನಿಮ್ಗೆ ಅಂಗನ್ನುಸ್ತದೆ ಬುಡಿ ಮೇಡಂ."

ಬರೆದಿಡುತ್ತೇನೆ: ಎಡದ್ದು ಎರಡರಲ್ಲೂ ಬಂತು.

ಗುರುಮಲ್ಲಯ್ಯನವರು ಪೇಪರ್ ಮಡಿಸುತ್ತ, "ಆ ಕೂಸೇನಾ ಕೆಡ್ಸಿದ್ದು?" ಅಂದರು. ರಿಜಿಸ್ಟರ್ ಮೇಜಿನ ಮೇಲೆ ತೆರೆದೇ ಇತ್ತು. ನಾನು ಹೌದೆನ್ನಲಿಲ್ಲ. ಅಲ್ಲವೆಂದೂ ಅನ್ನಲಿಲ್ಲ.

ಫೆಬ್ರವರಿ 10, ಮಂಗಳವಾರ

ಭವ್ಯ ಭಾನುವಾರ ಬರಲಿಲ್ಲ. ನಿನ್ನೆಯೂ ಇಲ್ಲ. ಇವತ್ತು ಅವಳ ಅಪ್ಪ ಪುಟ್ಟಮಾದಯ್ಯ ಬಂದರು. ಒಳಗೆ ಬರದೆ ಬಾಗಿಲಲ್ಲೇ ನಿಂತರು, ಕಾಲಿಗೆ ಹೊಲದ ಮಣ್ಣು.

"ತಪ್ಪಾಯ್ತು ಕಣವ್ವ. ನನ್ ಮಗಳು ಸರ್ಕಾರದ್ ಸಾಮಾನು ಕೆಡ್ಸ್‌ಬುಟ್ಳಂತೆ. ಊರೆಲ್ಲ ಅಂತಾವ್ರೆ. ಏನಾಗದೋ ಯೋಳಿ, ಸರಿ ಮಾಡುಸ್ಕೊಡ್ತೀನಿ."

"ಹಾಗೇನಿಲ್ಲ, ಬಿಡಿ" ಅಂದೆ. "ಗುರುವಾರ ಆಯ್ಕೆಯಿದೆ. ಕಳಿಸಿಕೊಡಿ."

"ಅದೇ, ಬ್ಯಾಡ ಅಂದೆ. ಇಲ್ಲೇ ಕೆಡ್ಸಿದ್ ಮೇಲೆ ಅಲ್ಲೋಗಿ ಇನ್ನೇನ್ ಕೆಡುಸ್ತದೋ. 'ಓಗೇ ಓಯ್ತೀನಿ' ಅಂತ ಅನ್ನ ಬುಟ್ಟು ಕುಂತವ್ಳೆ. ನೀವೇ ಜೊತೆಗ್ ಓಗದಾದ್ರೆ..."

ಹೋಗುತ್ತೇನೆಂದೆ. ರಜೆ ಬರೆದುಕೊಟ್ಟೆ. ಈ ಹೆಡ್‌ಫೋನೇ ಬೇಕಂತೆ ಅವಳಿಗೆ, ಕಿವಿಗೆ ಅಭ್ಯಾಸವಾಗಿದೆಯಂತೆ. ಸ್ವಂತದ್ದು ತರಬಹುದೆಂದು ಕಂಪನಿಯವರೂ ಹೇಳಿದ್ದಾರೆ. 1203ನ್ನು ನನ್ನ ಹೆಸರಿಗೆ ಬರೆದುಕೊಂಡೆ.

ಫೆಬ್ರವರಿ 11, ಬುಧವಾರ. ಸಂಜೆ 5.40

ಕೊನೆಯ ಪ್ರಯತ್ನ. ಸೆಟ್ಟಿಂಗ್ಸಿನಲ್ಲಿ 'ಮೋನೋ' ಎಂದೊಂದು ಇದೆ. ಎಡ-ಬಲ ಎರಡನ್ನೂ ಒಂದು ಮಾಡುತ್ತದಂತೆ. ಹಾಕಿದೆ.

ಸಂಗೀತವೂ ನಿಂತಿತು. ಪೂರ್ತಿ ನಿಶ್ಶಬ್ದ.

ತೆಗೆದೆ, ಬಂತು. ಹಾಕಿದೆ, ಹೋಯಿತು. ಐದು ಸಲ. ಎರಡೂ ಕಡೆ ಒಂದೇ ಆದದ್ದು ಕೇಳುವುದಿಲ್ಲ. ಬೇರೆ ಬೇರೆ ಇದ್ದದ್ದು ಕೇಳುತ್ತದೆ. ಇದು ಗೇಮಿನ ದೋಷವಲ್ಲ. ಹಾಗಾದರೆ ಯಾವುದರ...

ಬಸ್ಸಿಗೆ ಹೊತ್ತಾಯಿತು.

ಫೆಬ್ರವರಿ 12, ಗುರುವಾರ. ಬೆಳಿಗ್ಗೆ 8.10, ಬಸ್ಸಿನಲ್ಲಿ

ತೆರಕಣಾಂಬಿ ದಾಟಿತು. ಭವ್ಯ ಕಿಟಕಿಯ ಪಕ್ಕ. ಹೊಸ ಚೂಡಿದಾರ್, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ಎರಡು ವಾರದಿಂದ ಒಂದು ಹೆಜ್ಜೆಯನ್ನೂ ಆಡಿಲ್ಲ. ಬೆರಳಲ್ಲಿ ಮಂಡಿಯ ಮೇಲೆ ಲೆಕ್ಕ ಹಾಕುತ್ತಿದ್ದಾಳೆ— ಮೂರು ಹೆಜ್ಜೆ, ಎಡ, ಕಲ್ಲು, ಬಲ. ಕೆಸರಿನ ಜಾಗ ಬಂದಾಗ ಬೆರಳು ನಿಲ್ಲುತ್ತದೆ. ಅಲ್ಲಿಯವರೆಗೆ ಮಾತ್ರ ಕಲಿತದ್ದು.

10.25, ಆಯ್ಕೆಯ ಸ್ಥಳದ ಹೊರಗೆ

ಆದದ್ದನ್ನು ಆದಂತೆ ಬರೆಯಬೇಕು.

ಒಂಬತ್ತು ಜನ ಬಂದಿದ್ದಾರೆ. ಭವ್ಯಳ ಸರದಿ ಐದನೆಯದು. ಒಳಗೆ ಹೋಗುವ ಮೊದಲು ಹೊರಗಿನ ಕಂಪ್ಯೂಟರಿನಲ್ಲಿ ಒಂದು ನಿಮಿಷ ಕೇಳಿ ನೋಡಬಹುದು. ಹೆಡ್‌ಫೋನ್ ಚುಚ್ಚಿಕೊಟ್ಟೆ. ಅವಳ ಮುಖ ಇಳಿಯಿತು.

"ಅಕ್ಕ. ಇಲ್ಲೂ ಮ್ಯೂಸಿಕ್ಕೇ."

ಬೇರೆ ಊರು. ಬೇರೆ ಕಂಪ್ಯೂಟರ್. ಅದೇ ಮೌನ. ಹಂಗಳದಿಂದ ನಾವು ತಂದದ್ದು ಒಂದೇ ವಸ್ತು.

ಅಷ್ಟರಲ್ಲಿ ಅವಳೇ ತಂತಿ ಹಿಡಿದು ತುದಿಯವರೆಗೆ ಬೆರಳು ಸರಿಸಿ ಪಿನ್ ಹೊರಗೆಳೆದಳು. ಅರಿಸಿನದ ಬೆರಳು ಅದರ ಬುಡದಲ್ಲಿ ನಿಂತಿತು. "ಇದ್ಯಾನಕ್ಕ, ಇಲ್ಲಿ ಪೇಪರ್ ಸುತ್ತವ್ರೆ?"

1203. ನನ್ನ ಕೈಬರಹ. ಪ್ಲಾಸ್ಟಿಕ್ಕಿನ ಮೇಲೆ ಅರ್ಧ, ಲೋಹದ ಮೇಲೆ ಅರ್ಧ. ಮೇಲೆ ಸೆಲ್ಲೋಟೇಪ್, ಎರಡು ಸುತ್ತು.

"ಏನೋ ಕಾಗದ" ಅಂದೆ. ಉಗುರಲ್ಲಿ ಕೆರೆದು ಕಿತ್ತೆ. ಮತ್ತೆ ಚುಚ್ಚಿದೆ.

ಅವಳ ಹುಬ್ಬು ಮೇಲೇರಿತು. ಬಾಯಿ ತೆರೆಯಿತು. "ಬಂದ್ರು! ಅಕ್ಕ, ಆ ಅಮ್ಮ ಬಂದ್ರು! ಇವ್ರ್ ಕಂಪ್ಯೂಟ್ರು ಒಳ್ಳೇದು ಕಣಕ್ಕ, ನಾನ್ ಕೆಡ್ಸಿದ್ರೂ ಸರಿ ಮಾಡ್ಕತದೆ." ನಕ್ಕಳು.

ಆಗ ಹೇಳಬೇಕಿತ್ತು. ಹೆಸರು ಕರೆದರು. ಒಳಗೆ ಹೋದಳು.

10.50

ರಘುನಾಥ ಹೊರಗೆ ಬಂದಾಗ ಚೀಟಿ ತೋರಿಸಿ ಕೇಳಿದೆ. ಮೂವತ್ತರ ಹುಡುಗ. ನೋಡಿದ ತಕ್ಷಣ, "ಅಯ್ಯೋ!" ಅಂದರು. ಪಿನ್ನಿನ ಬುಡದ ಲೋಹ ಎರಡು ಕಿವಿಗೂ ಸೇರಿದ, ಕರೆಂಟಿನ ವಾಪಸ್ ದಾರಿಯಂತೆ. ಟೇಪು ಅದನ್ನು ಮುಚ್ಚಿದೆ. ಆಗ ಎರಡೂ ಕಿವಿಗೆ ಒಂದೇ ಸಮ ಬರುವ ಸದ್ದು ಒಂದನ್ನೊಂದು ಹೊಡೆದುಹಾಕುತ್ತದೆ. ಮಾತು ಹಾಗೆ ಬರುವಂಥದ್ದು, ಹೆಜ್ಜೆಯೂ. ಸಂಗೀತ ಎಡಕ್ಕೊಂದು ಬಲಕ್ಕೊಂದು ಇರುತ್ತದೆ, ಅದಕ್ಕೇ ಉಳಿಯಿತು.

"ಯಾರ್ ಮೇಡಂ ಇಲ್ಲಿಗೆ ಅಂಟ್ಸಿದ್ದು?" ನಗುತ್ತಲೇ ಕೇಳಿದರು.

"ಸ್ಟಾಕ್ ನಂಬರ್" ಅಂದೆ. ಅದು ಉತ್ತರವಲ್ಲ.

12.40

ಮುಗಿಯಿತು. ಇಬ್ಬರನ್ನು ಆರಿಸಿದರು. ಭವ್ಯ ಮೂರನೆಯವಳು.

ಕೆಸರಿನವರೆಗೆ ಒಂದು ತಪ್ಪೂ ಇಲ್ಲವಂತೆ, ಉಳಿದೆಲ್ಲರಿಗಿಂತ ವೇಗ. ಕೆಸರಿನಲ್ಲಿ ನಾಲ್ಕು ಸಲ ಬಿದ್ದಳು. "ಇನ್ನೊಂದ್ ವಾರ ಪ್ರಾಕ್ಟೀಸ್ ಇದ್ದಿದ್ರೆ..." ಅಂದರು ರಘುನಾಥ. ನನ್ನ ಮುಖ ನೋಡಿ ನಿಲ್ಲಿಸಿದರು.

ಚೀಟಿ ಪರ್ಸಿನಲ್ಲಿದೆ. ಅವರಿಗೆ ಹೇಳಿದೆ, ಒಂದೂ ಬಿಡದೆ— ರಿಜಿಸ್ಟರಿನಲ್ಲಿ ಬರೆದದ್ದೂ ಸೇರಿಸಿ. ಕೇಳಿಸಿಕೊಂಡರು. ಬರೆದುಕೊಂಡರು. ಆಯ್ಕೆ ಬದಲಾಗದು, ಏಪ್ರಿಲ್‌ನಲ್ಲಿ ಇನ್ನೊಬ್ಬರು ಬೇಕಾಗಬಹುದು, ಆಗ ಕರೆಯುತ್ತೇವೆ ಅಂದರು. ಬಹುದು. ಅಷ್ಟೇ.

ಹೊರಗಿನವರಿಗೆ ಹೇಳುವುದು ಸುಲಭ.

1.30, ಚಾಮರಾಜನಗರ ಬಸ್ ನಿಲ್ದಾಣ

ಕಲ್ಲುಬೆಂಚು. ಗುಂಡ್ಲುಪೇಟೆ ಬಸ್ಸು ಎರಡಕ್ಕೆ. ಭವ್ಯ ಬುತ್ತಿ ಬಿಚ್ಚಿ ಚಿತ್ರಾನ್ನದಲ್ಲಿ ಅರ್ಧ ನನ್ನ ಮುಂದೆ ಸರಿಸಿದಳು. ಅತ್ತಿಲ್ಲ.

"ನಮ್ಮಪ್ಪ ಯೋಳಿದ್ದು ಸರಿ ಅಕ್ಕ. ನಾನೇ ಕೆಡುಸ್ಕಂಡೆ. ಆವತ್ತು ಕೈ ತೊಳ್ಕಂಡ್ ಬಂದಿದ್ರೆ ಆಗೋದು."

ಡಬ್ಬಿ ಪಕ್ಕಕ್ಕಿಟ್ಟು ಈ ಪುಸ್ತಕ ತೆಗೆದೆ. ಪೆನ್ನಿನ ಸದ್ದಿಗೆ ಈ ಕಡೆ ತಿರುಗಿದ್ದಾಳೆ.

"ಏನ್ ಬರೀತಿದ್ದೀರಕ್ಕ?"

"ದಿನಚರಿ."

"ನನ್ ವಿಷ್ಯ ಇದ್ದದಾ ಅದ್ರಲ್ಲಿ?"

"ಇದೆ. ನನ್ನ ವಿಷಯವೂ ಇದೆ."

"ಇಲ್ಲಿ ಗಟ್ಟಿಯಾಗ್ ಓದ್ಬೋದಲ್ವಾ? ಬಸ್‌ಸ್ಟ್ಯಾಂಡಲ್ವಾ ಇದು."

ಬಸ್ಸುಗಳ ಹಾರ್ನು. ಕಡಲೆಕಾಯಿ ಮಾರುವವನ ಕೂಗು. ಇವಳ ಕಿವಿ ಎಲ್ಲವನ್ನೂ ಬಿಟ್ಟು ನನ್ನ ಕಡೆಗೇ ಇದೆ. ಪರ್ಸಿನಿಂದ ಚೀಟಿ ತೆಗೆದು ಅವಳ ಅಂಗೈಯಲ್ಲಿಟ್ಟೆ. ಬೆರಳಾಡಿಸಿದಳು. ಅಂಟು, ಕಾಗದ, ಅಂಟು. ಬೆರಳು ನಿಂತಿತು.

ಜನವರಿ 30ರ ಪುಟ ಬೆರಳಲ್ಲಿ ಹಿಡಿದಿದ್ದೇನೆ. ಪೆನ್ನು ಕೆಳಗಿಟ್ಟರೆ ಓದಲೇಬೇಕು. ಇಡುತ್ತಿದ್ದೇನೆ.