ಒಂದಿಂಚು ಗಿಡ್ಡ ತೋಳು

ಓಲ್ಡ್ ಟೌನ್, ಭದ್ರಾವತಿ
ಭಾನುವಾರ, 9-3-1958

ಚಿರಂಜೀವಿ ಷಣ್ಮುಖನಿಗೆ ನಿನ್ನ ಅಮ್ಮನ ಆಶೀರ್ವಾದ.

ಆರೋಗ್ಯವಾಗಿದ್ದೀಯಾ? ಹರಿಹರದ ನೀರು ನಿನಗೆ ಒಗ್ಗುವುದಿಲ್ಲ, ಕಾಯಿಸಿ ಕುಡಿ. ಮಾವ ನಕ್ಕರೆ ನಗಲಿ. ನಾನು ಕ್ಷೇಮವೆಂದು ಬರೆಯಬೇಕು, ಆದರೆ ಸುಳ್ಳು ಬರೆಯಲು ಕೈ ಬರುತ್ತಿಲ್ಲ.

ನಿಮ್ಮ ಧರ್ಮವಿಜಯ ಪಕ್ಷವನ್ನು ಸರ್ಕಾರ ನಿಷೇಧಿಸಿದ್ದು ಕೇಳಿರುತ್ತೀಯ. ಕಚೇರಿಗೆ ಬೀಗಮುದ್ರೆ ಬಿದ್ದಿದೆ. ಮೊದಲು ಭಜನೆ, ಕಸರತ್ತು ಎಂದು ಬಂದರು. ಹುಡುಗರು ಬೀಡಿ ಬಿಟ್ಟರಲ್ಲ ಎಂದು ನಾನೂ ಆರತಿ ಎತ್ತಿದೆ, ಬುದ್ಧಿಗೇಡಿ. ಪುರಸಭೆಯಲ್ಲಿ ಗೆದ್ದ ಮೇಲೆ ಸಾಬರ ಅಂಗಡಿ ಮೆಟ್ಟಬೇಡಿ ಎಂದರು. ಕೊನೆಗೆ ಜಲೀಲ್ ಸಾಬರ ಹೊಲಿಗೆ ಅಂಗಡಿಗೇ ಬೆಂಕಿ ಬಿತ್ತು. ನಿಮ್ಮ ಪಕ್ಷದ ಕಾವಿ ಅಂಗಿಗಳನ್ನೆಲ್ಲ ಹೊಲಿದುಕೊಟ್ಟವರೇ ಅವರು! ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನಿಂತು ಗಂಟಲು ಹರಿದುಕೊಂಡ ಮುಖಂಡ ಷಡಕ್ಷರಪ್ಪ ಈಗ ನಿಮ್ಮ ಯಾರ ಗುರುತೂ ಇಲ್ಲ ಎನ್ನುತ್ತಾನಂತೆ. ಬೆಂಕಿ ಬಿದ್ದ ಮರುದಿನವೇ, ಮಾವನ ಅಂಗಡಿಯಲ್ಲಿ ಕೆಲಸವಿದೆ ಎಂದು ನೀನು ಹೊರಟೆ. ನಾನು ನಂಬಿ ಬುತ್ತಿ ಕಟ್ಟಿಕೊಟ್ಟೆ.

ಎದುರುಮನೆ ಕಲ್ಲಮ್ಮನ ಮಗ ಶಿವಶಂಕರನನ್ನು ಪೊಲೀಸರು ಹಿಡಿದೊಯ್ದು ಹತ್ತು ದಿನವಾಯಿತು. ಹಗ್ಗದ ಮೇಲೆ ಆ ಕಾವಿ ಅಂಗಿ ಒಣಗುತ್ತಿತ್ತು, ಅಷ್ಟೇ. ಬೆಂಕಿ ಇಟ್ಟವನು ಅವನೇ ಎನ್ನುತ್ತಾರೆ. ಅಂದು ಅವನು ಜ್ವರ ಬಂದು ಮಲಗಿದ್ದ, ಗಂಜಿ ಕುಡಿಸಿದವಳು ನಾನು. ಠಾಣೆಗೆ ಹೋಗಿ ಹೇಳಿದರೂ ಕೇಳಲಿಲ್ಲ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಕಲ್ಲಮ್ಮ ದಿನಾ ಬಂದು, "ನಿನ್ನ ಮಗ ಪುಣ್ಯವಂತ ಕಣೇ, ಊರು ಬಿಟ್ಟು ಬದುಕ್ಕೊಂಡ" ಎಂದು ಅಳುತ್ತಾಳೆ.

ನಿನ್ನೆ ಜಲೀಲ್ ಸಾಬರು ಬಂದಿದ್ದರು. ಜಗಲಿ ಹತ್ತಲಿಲ್ಲ. ಅಂಗಡಿ ಬಾಗಿಲ ಮೊಳೆಗೆ ಸಿಕ್ಕಿ ಹರಿದಿದ್ದ ಕಾವಿ ಅಂಗಿಯ ಎಡತೋಳೊಂದನ್ನು ನನ್ನ ಕೈಗಿಟ್ಟರು. ಏಳು ವರ್ಷದವನಿದ್ದಾಗ ನೀನು ಪೇರಲೆ ಮರದಿಂದ ಬಿದ್ದು ಎಡಗೈ ಗಿಡ್ಡವಾಯಿತಲ್ಲ, ಅಂದಿನಿಂದ ನಿನ್ನ ಎಡತೋಳನ್ನು ಒಂದಿಂಚು ಕಡಿಮೆ ಹೊಲಿಯುವುದು ಅವರ ರೂಢಿ. ನಾವು ಹೇಳಬೇಕಾಗಿಯೇ ಇರಲಿಲ್ಲ. "ಪೊಲೀಸ್ನೋರಿಗೆ ತೋರ್ಸಿಲ್ಲ ವೇದಕ್ಕಾ, ನನ್ ಕೈಲಿ ಆಗ್ಲಿಲ್ಲ" ಎಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು, ಮಗಾ.

ಬಸವಣ್ಣ ನಿನಗೆ ಒಳ್ಳೆಯ ಬುದ್ಧಿ ಕೊಡಲಿ. ಪರಮೇಶ್ವರಪ್ಪ ಮಾವನಿಗೆ ಶರಣು ತಿಳಿಸು.

ನಿನ್ನ ಅಮ್ಮ,
ವೇದಾವತಿ

ತಾ.ಕ.: ತೋಳು ನನ್ನ ಸೀರೆ ಪೆಟ್ಟಿಗೆಯಲ್ಲಿದೆ. ಗುರುವಾರದ ಹೊತ್ತಿಗೆ ನೀನು ಬರದಿದ್ದರೆ, ಶುಕ್ರವಾರ ಕಲ್ಲಮ್ಮನನ್ನು ಕರೆದುಕೊಂಡು ನಾನೇ ಅದನ್ನು ಠಾಣೆಗೆ ಒಯ್ಯುತ್ತೇನೆ. ಬಂದರೆ, ಊಟ ಮಾಡಿಕೊಂಡು ಇಬ್ಬರೂ ಹೋಗೋಣ.