ಅಪ್ಪನ ಬಚ್ಚಲುಮನೆಯ ಬಾಗಿಲು

ಡುಲುತ್, ಮಂಗಳವಾರ

ಪ್ರೀತಿಯ ಅಪ್ಪ,

ನಿನ್ನ ಗಾಲಿಕುರ್ಚಿ ಒಳಗೆ ಹೋಗಲೆಂದು ಬಚ್ಚಲುಮನೆಯನ್ನು ಒಡೆದು ಕಟ್ಟಿದ ಕಂಟ್ರಾಕ್ಟರ್ ವೆಂಡೆಲ್ ನಿನ್ನೆ ಮತ್ತೆ ಬಂದಿದ್ದ. “ಬಾಕಿ ಕೊಡ್ಲಿಲ್ಲ ಅಂದ್ರೆ ಮನೆ ಮೇಲೆ ಕ್ಲೇಮ್ ಹಾಕಿಸ್ತೀನಿ, ಮಾರೋಕೂ ಆಗಲ್ಲ ನಿಮಗೆ” ಎಂದು ಹೆದರಿಸಿದ.

ನಾನು ಜಗಳವಾಡಲಿಲ್ಲ. ಕುರ್ಚಿ ತೋರಿಸಿ, “ಇದರಲ್ಲಿ ಕೂತು ಒಳಗೆ ಹೋಗಿ ಬನ್ನಿ, ಈಗಲೇ ಚೆಕ್ ಬರೀತೀನಿ” ಎಂದೆ. ಬಾಗಿಲಲ್ಲೇ ಸಿಕ್ಕಿಕೊಂಡ!

“ಸ್ವಲ್ಪ ಹಿಂದಕ್ಕೆ ಎಳೀರಮ್ಮ” ಎಂದ. ಬಾಗಿಲು ಅಗಲ ಮಾಡುವವರೆಗೆ ಕ್ಲೇಮಿನ ಮಾತೆತ್ತುವುದಿಲ್ಲವೆಂದು ಬರೆಸಿಕೊಂಡ ಮೇಲೆಯೇ ಎಳೆದೆ. ಶುಕ್ರವಾರ ಕೆಲಸ ಮುಗಿಯುತ್ತದೆ.

ಮನೆ ಮಾರಿಬಿಡು, ನಾನು ಆಸ್ಪತ್ರೆಯಲ್ಲೇ ಇದ್ದುಬಿಡುತ್ತೇನೆ ಎಂದು ಇನ್ನು ಹೇಳಬೇಡ. ಶನಿವಾರ ಗಡ್ಡ ಬೋಳಿಸಿಕೊಂಡು ಸಿದ್ಧನಾಗಿರು, ಮನೆಗೆ ಕರೆದುಕೊಂಡು ಬರಲು ಬರುತ್ತೇನೆ. ನೀನು ಸ್ನಾನ ಮಾಡುತ್ತಾ ಅಪಸ್ವರದಲ್ಲಿ ಹಾಡುವುದನ್ನು ಕೇಳಿ ಬಹಳ ದಿನವಾಯಿತು.

ನಿನ್ನ
ಕೊರಿನ್